ಕೊಮೊರೊ ಪತಂಗದ ಮೊಟ್ಟೆ ಒಡೆಯಿತು

ಮೊಟ್ಟೆ ಒಡೆಯಿತು. ಎಲ್ಲಕ್ಕಿಂತ ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ.

ಇವತ್ತು ಬೆಳಿಗ್ಗೆ ನಮಾಜು ಮುಗಿಸಿ ಚಹಾದ ಲೋಟ ಬಾಯಿಗಿಡುವಷ್ಟರಲ್ಲಿ ಮೊಮ್ಮಗಳು ರಿಫಾಳ ಫೋನು ಬಂತು. ಅವಳು ಬೇಗನೆ ಎದ್ದು ಕೆಲಸಕ್ಕೆ ಹೋಗಿದ್ದಳು. “ಅಜ್ಜ, ಬಂದವು” ಎಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಎಷ್ಟು ಬಂದವು ಮಗಾ ಎಂದು ಕೇಳಿದೆ.

“ಲೆಕ್ಕ ಮಾಡ್ಲಿಕ್ಕೆ ಆಗುದಿಲ್ಲ ಅಜ್ಜ. ಒಂದೂ ನಿಲ್ಲುದಿಲ್ಲ, ಓಡ್ತಾ ಉಂಟು.”

ನಾನು ಲೋಟವನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ಕೆಳಗಿಳಿದು ಕಟ್ಟಡದ ಕಾವಲಿನವನಿಗೆ ಹೇಳಿದೆ. ಮಲಯಾಳಿಯ ಅಂಗಡಿಗೆ ಹೋಗಿ ಅವನಿಗೆ ಹೇಳಿದೆ. ಅವನು ನನಗೆ ಮರಿಮೊಮ್ಮಗು ಹುಟ್ಟಿತೆಂದು ತಿಳಿದು ಕೈ ಕುಲುಕಿದ. ಗಂಡೋ ಹೆಣ್ಣೋ ಎಂದು ಕೇಳಿದ. ಈಗಲೇ ಗೊತ್ತಾಗುವುದಿಲ್ಲ, ಗೂಡು ಕಟ್ಟಿದ ಮೇಲೆ ತೂಕ ನೋಡಿ ಹೇಳಬೇಕು ಎಂದೆ. ಪಾಪ, ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ.

ಇದು ಒಂದು ಪತಂಗದ ಸಂಗತಿ. ಆಫ್ರಿಕಾದ ಪೂರ್ವಕ್ಕೆ ಸಮುದ್ರದ ನಡುವೆ ಕೊಮೊರೊ ಎಂಬ ಪುಟ್ಟ ದ್ವೀಪಗಳ ಗುಂಪು ಉಂಟು. ಈ ಪತಂಗದ ಊರು ಅದೇ, ಬೇರೆ ಎಲ್ಲಿಯೂ ಅದು ತಾನಾಗಿ ಹುಟ್ಟುವುದಿಲ್ಲವಂತೆ. ರೆಕ್ಕೆ ಬಿಡಿಸಿದರೆ ನನ್ನ ಅಂಗೈಯಷ್ಟು ಅಗಲ. ಬಣ್ಣ ಒಣಗಿದ ಅರಶಿನ ಕೊಂಬಿನದು, ಒಂದೊಂದು ರೆಕ್ಕೆಯ ಮೇಲೆ ಒಂದೊಂದು ಕಣ್ಣು. ಇಲ್ಲಿ ಕತಾರಿನಲ್ಲಿ, ಶಾಲೆಯ ಮಕ್ಕಳು ನೋಡಲು ಬರುವ ಒಂದು ತೋಟದ ಒಳಗೆ ಹುಳಗಳ ಮನೆ ಉಂಟು. ಅಲ್ಲಿ ಎಷ್ಟೋ ವರ್ಷಗಳಿಂದ ಈ ಪತಂಗದ ಸಂತಾನವನ್ನು ತಲೆತಲಾಂತರವಾಗಿ ಸಾಕಿಕೊಂಡು ಬಂದಿದ್ದೇವೆ. ನಿವೃತ್ತನಾಗುವವರೆಗೆ ಆ ಕೋಣೆ ನನ್ನದಾಗಿತ್ತು. ಈಗ ರಿಫಾಳದು. ದ್ವೀಪದಿಂದ ಹೊಸ ಗೂಡು ತರಲು ಈಗ ಅನುಮತಿ ಸಿಗುವುದಿಲ್ಲ. ಹಾಗಾಗಿ ಈ ಮೊಟ್ಟೆಗಳು ಒಡೆಯದೆ ಹೋಗಿದ್ದರೆ ಆ ಸಂತಾನ ಅಲ್ಲಿಗೆ ಮುಗಿಯುತ್ತಿತ್ತು. ಕೋಣೆಯಲ್ಲಿ ಮೀನಿನ ತೊಟ್ಟಿ ಇಡುವುದೆಂದು ಮೇಲಿನವರು ಆಗಲೇ ಮಾತಾಡಿಯೂ ಆಗಿತ್ತು. ನನ್ನ ರಿಫಾ ಆ ಕೆಲಸ ಬಿಟ್ಟು, ಅವಳ ಉಪ್ಪ, ಎಂದರೆ ನನ್ನ ಮಗ, ನೋಡಿಟ್ಟ ಆಫೀಸಿನ ಕುರ್ಚಿಯಲ್ಲಿ ಕೂರಬೇಕಾಗುತ್ತಿತ್ತು.

ಈಗ ಆ ಚಿಂತೆ ಇಲ್ಲ. ಎದೆಯ ಮೇಲಿಂದ ಅಕ್ಕಿಮೂಟೆ ಇಳಿಸಿದಂತಾಗಿದೆ. ಅದೇ ಹುಮ್ಮಸ್ಸಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹುಳ ಸಾಕುವ ಕೆಲಸಕ್ಕೆ ಬರುವ ಮಕ್ಕಳು ಓದಲಿ ಎಂದು. ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಉಳ್ಳಾಲದ ಕಡೆ. ಮನೆಯಲ್ಲಿ ಬ್ಯಾರಿ ಮಾತು. ನನ್ನನ್ನು ಊರಿನವರು ಮೋನಾಕ ಎನ್ನುತ್ತಾರೆ, ಇಲ್ಲಿನವರು ಮೋನು. ನಾನು ಆ ತೋಟಕ್ಕೆ ಬಂದದ್ದು ಗುಡಿಸುವ ಕೆಲಸಕ್ಕೆ. ಬಂದ ಮೊದಲ ವಾರ ಹುಳದ ಕೋಣೆಗೆ ಕಳುಹಿಸಿದರು. ಅಲ್ಲಿ ಒಂದು ಬಲೆಯ ಪೆಟ್ಟಿಗೆಯ ತಳದಲ್ಲಿ ಒಣಗಿದ ಎಲೆಗಳ ರಾಶಿ ಬಿದ್ದಿತ್ತು. ಛೆ, ಎಷ್ಟು ಗಲೀಜು ಇಟ್ಟಿದ್ದಾರೆ ಎಂದು ಎಲ್ಲವನ್ನೂ ಗುಡಿಸಿ ಕಸದ ಚೀಲಕ್ಕೆ ತುಂಬಿದೆ. ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೊಳೆಯಿತು. ಯಾರಾದರೂ ಬಂದು ಹೊಗಳಲಿ ಎಂದು ಅಲ್ಲಿಯೇ ನಿಂತಿದ್ದೆ.

ಬಂದವರು ಉಸ್ತಾದ್. ಈಜಿಪ್ಟಿನ ಮುದುಕರು, ಆಗ ಆ ಮನೆಗೆ ಅವರೇ ದೊಡ್ಡವರು. ಖಾಲಿ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು, ಚೀಲ ನೋಡಿದರು. ಬೈಯಲಿಲ್ಲ. ನೆಲದ ಮೇಲೆ ಕೂತು ಚೀಲವನ್ನು ಮೆಲ್ಲಗೆ ಸುರಿದರು. ಆ ಒಣ ಎಲೆಗಳ ಒಳಗೆ ಹುಳ ಗೂಡು ಕಟ್ಟಿಕೊಂಡಿತ್ತು. ಎಲೆಯನ್ನೇ ಹೊದ್ದುಕೊಂಡು ಮಲಗುವುದು ಅದರ ಕ್ರಮ. ಹೊರಗಿನಿಂದ ನೋಡಿದರೆ ಬರೀ ಕಸ.

“ಬಿಸಾಡಿದವನು ನೀನು. ಹುಡುಕುವವನೂ ನೀನೇ” ಎಂದರು. ಅರ್ಧ ಅರಬಿ, ಅರ್ಧ ಹಿಂದಿ. “ಶೂಫ್. ಕಣ್ಣಿನಿಂದ ಅಲ್ಲ, ಕೈಯಿಂದ ನೋಡು.”

ಮಧ್ಯಾಹ್ನದ ಊಟ ಬಿಟ್ಟು ಒಂದೊಂದೇ ಎಲೆ ಅಂಗೈ ಮೇಲಿಟ್ಟುಕೊಂಡು ನೋಡಿದೆ. ಬರೀ ಎಲೆಯಾದರೆ ಉಸಿರು ಬಿಟ್ಟರೆ ಹಾರುತ್ತದೆ. ಗೂಡಾದರೆ ಸಣ್ಣ ಗೋಡಂಬಿ ಇಟ್ಟ ಹಾಗೆ ಭಾರ, ಸ್ವಲ್ಪ ಹೊತ್ತು ಹಿಡಿದುಕೊಂಡರೆ ಒಳಗಿನಿಂದ ಒಮ್ಮೆ ಮಗ್ಗುಲು ಬದಲಿಸುತ್ತದೆ. ಅದು ಹಾಗೆ ಮಗ್ಗುಲು ಬದಲಿಸಿದಾಗ ನನ್ನ ಮೈ ಜುಮ್ಮೆಂದಿತು. ಸಂಜೆ ಉಸ್ತಾದ್ ನನ್ನ ಮುಖ ನೋಡಿ ಆಫೀಸಿಗೆ ಹೋದರು. ಮಾರನೆಯ ದಿನದಿಂದ ಕೈಯಲ್ಲಿ ಪೊರಕೆ ಇರಲಿಲ್ಲ. ಆ ಕೋಣೆಗೆ ನನ್ನನ್ನು ಕೇಳಿ ಪಡೆದುಕೊಂಡಿದ್ದರು.

ಕೆಲಸ ಎಂತದು ಎಂದರೆ ಎಲೆ ತರುವುದು, ಎಲೆ ತೊಳೆಯುವುದು, ಎಲೆ ಬದಲಿಸುವುದು. ನಮ್ಮ ಹುಳಕ್ಕೆ ಪೇರಳೆ ಎಲೆ ಇಷ್ಟ. ಅದಕ್ಕೆಂದೇ ತೋಟದಲ್ಲಿ ಪೇರಳೆ ಬೆಳೆಸಿದ್ದರು. ರಸ್ತೆ ಬದಿಯ ಯಾವ ಎಲೆಯನ್ನೂ ಮುಟ್ಟಬಾರದು, ಅದಕ್ಕೆ ಯಾವಾಗ ಮದ್ದು ಹೊಡೆದಿರುತ್ತಾರೋ ಗೊತ್ತಿಲ್ಲ. ಹುಳದ ಆರೋಗ್ಯ ತಿಳಿಯಬೇಕಾದರೆ ಹಿಕ್ಕೆ ನೋಡಬೇಕು. ಒಣಗಿ ಗಟ್ಟಿಯಾಗಿದ್ದರೆ ಸುಖ. ಒದ್ದೆಯಾಗಿ ಅಂಟಿದರೆ ಏನೋ ಕೆಟ್ಟಿದೆ. ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮೂಗು ಮುಚ್ಚಿಕೊಳ್ಳುವವರು ಈ ಕೆಲಸದಲ್ಲಿ ತುಂಬಾ ದಿನ ಇರುವುದಿಲ್ಲ.

ಒಮ್ಮೆ ಬೇಸಿಗೆಯಲ್ಲಿ, ಹೊರಗೆ ಚಪ್ಪಲಿ ಕರಗುವ ಬಿಸಿಲು, ಆ ಮನೆಯ ಎಸಿ ನಿಂತುಹೋಯಿತು. ರಿಪೇರಿಯವರು ಬರುತ್ತೇವೆ ಬರುತ್ತೇವೆ ಎನ್ನುತ್ತಿದ್ದಾರೆ, ಬರುತ್ತಿಲ್ಲ. ಉಸ್ತಾದ್ ತಮ್ಮ ಕಾರಿನ ಕೀಲಿ ನನ್ನ ಕೈಗೆ ಕೊಟ್ಟು ಯಲ್ಲಾ, ನಡಿ ಎಂದರು. ಪೆಟ್ಟಿಗೆಗಳನ್ನೆಲ್ಲ ಹಿಂದಿನ ಸೀಟಿನಲ್ಲಿ ತುಂಬಿ, ಇಂಜಿನ್ ಶುರು ಮಾಡಿ, ಕಾರಿನ ಎಸಿ ಹಾಕಿಕೊಂಡು ನಾವಿಬ್ಬರೂ ಪಾರ್ಕಿಂಗಿನಲ್ಲಿ ಕೂತೆವು. ಆಗ ಒಬ್ಬ ದೊಡ್ಡ ಅಧಿಕಾರಿ ಬಂದು ಕಿಟಕಿ ತಟ್ಟಿ, ಕೆಲಸದ ಹೊತ್ತಿನಲ್ಲಿ ಕಾರಿನಲ್ಲಿ ತಣ್ಣಗೆ ಕೂತು ಎಂತ ಮಾಡುತ್ತೀರಿ ಎಂದು ಕೇಳಿದ. ಉಸ್ತಾದ್ ಹಿಂದಿನ ಸೀಟು ತೋರಿಸಿ, ಸವಾರಿ ಅವರದು, ನಾವು ಡ್ರೈವರುಗಳು ಎಂದರು. ಅಧಿಕಾರಿ ಒಳಗೆ ಬಗ್ಗಿ ನೋಡಿದ. ಅಷ್ಟು ದಪ್ಪ ಹಸಿರು ಹುಳಗಳು ಸಾಲಾಗಿ ಕೂತು ಎಲೆ ತಿನ್ನುವುದನ್ನು ಅವನು ಹಿಂದೆ ಕಂಡಿರಲಿಲ್ಲವೆಂದು ಕಾಣುತ್ತದೆ. ಸಂಜೆಯೊಳಗೆ ಎಸಿ ಸರಿಯಾಯಿತು.

ಹಾಗೆಯೇ ಇನ್ನೊಬ್ಬ ಮ್ಯಾನೇಜರ್ ಬಂದಿದ್ದ. ನೋಡಲು ಬರುವವರಿಗೆ ಚೆನ್ನಾಗಿ ಕಾಣಲಿ ಎಂದು ಪೆಟ್ಟಿಗೆಯ ಮೇಲೆ ಬಣ್ಣದ ದೀಪ ಹಾಕಿಸಿದ. ಪತಂಗಗಳು ದೀಪಕ್ಕೆ ಬಡಿದು ಬಡಿದು ರೆಕ್ಕೆಯನ್ನು ಚಿಂದಿ ಮಾಡಿಕೊಂಡವು. ಉಸ್ತಾದ್ ಅವನ ಎದುರಿನಲ್ಲೇ ಸ್ವಿಚ್ಚು ಆರಿಸಿ ಹೇಳಿದರು, ಇದಕ್ಕೆ ಬಾಯಿಯೇ ಇಲ್ಲ, ರೆಕ್ಕೆ ಬಂದ ಮೇಲೆ ಏನೂ ತಿನ್ನುವುದಿಲ್ಲ, ಹೆಚ್ಚೆಂದರೆ ಒಂದು ವಾರದ ಆಯುಸ್ಸು, ಅಷ್ಟರಲ್ಲಿ ಒಂದೇ ಒಂದು ಕೆಲಸ ಮುಗಿಸಬೇಕು, ಅದಕ್ಕೂ ನೀನು ಬಿಡುವುದಿಲ್ಲವಾ? ಆ ಮ್ಯಾನೇಜರ್ ತುಂಬಾ ದಿನ ಇರಲಿಲ್ಲ.

ಆ ಒಂದೇ ಒಂದು ಕೆಲಸ ಎಂದರೆ ಜೋಡಿ. ಹೆಣ್ಣು ಪತಂಗ ಹಾರಿ ಹೋಗುವುದಿಲ್ಲ, ಕೂತಲ್ಲೇ ಕೂತು ಒಂದು ವಾಸನೆ ಬಿಡುತ್ತದೆ. ಅದು ನಮಗೆ ತಿಳಿಯುವುದಿಲ್ಲ. ಗಂಡಿಗೆ ತಲೆಯ ಮೇಲೆ ಎರಡು ಗರಿಗಳು, ಸಣ್ಣ ಬಾಚಣಿಗೆಯ ಹಾಗೆ. ಅದೇ ಅದರ ಮೂಗು. ಕತ್ತಲಿನಲ್ಲಿ ಆ ಮೂಗಿನಿಂದಲೇ ಹೆಣ್ಣನ್ನು ಹುಡುಕಿಕೊಂಡು ಬರುತ್ತದೆ.

ಉಸ್ತಾದ್ ಊರಿಗೆ ಹೋದ ಮೇಲೆ ಡಾಕ್ಟರ್ ಅಮಲ್ ಬಂದರು. ಸುಡಾನಿನವರು, ಹುಳಗಳ ಬಗ್ಗೆಯೇ ದೊಡ್ಡ ಓದು ಓದಿದವರು. ಅವರ ಕಾಲದಲ್ಲಿ ಕ್ರಮಗಳು ಬದಲಾದವು. ನಾನು ಕೈಯಿಟ್ಟು ನೋಡುತ್ತಿದ್ದ ತೇವವನ್ನು ಈಗ ಗೋಡೆಯ ಮೇಲಿನ ಯಂತ್ರ ನೋಡಿ ಅವರ ಫೋನಿಗೆ ತಿಳಿಸುತ್ತದೆ. ಮೊದಮೊದಲು ನನಗೆ ಹಿಡಿಸಲಿಲ್ಲ. ಆದರೆ ನಾನು ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಲು ಶುರು ಮಾಡಿದ್ದು ಆ ಯಂತ್ರ ಬಂದ ಮೇಲೆಯೇ. ಇನ್ನೊಂದು ಬದಲಾವಣೆಯೂ ಆಯಿತು, ಆಗ ಅದು ಯಾರ ಗಮನಕ್ಕೂ ಬರಲಿಲ್ಲ. ನಮ್ಮ ಕಾಲದಲ್ಲಿ ಹುಳದ ಕೋಣೆಯವರು ಬಂದ ಕೂಡಲೇ ಬಟ್ಟೆ ಬದಲಿಸಿ ಅಲ್ಲಿಯೇ ಇಟ್ಟ ಸಮವಸ್ತ್ರ ಹಾಕಬೇಕಿತ್ತು, ಅದನ್ನು ಬರೀ ನೀರಿನಲ್ಲಿ ಅಲ್ಲಿಯೇ ಒಗೆಯುತ್ತಿದ್ದರು. ನಾನು ನಿವೃತ್ತನಾಗುವ ಹೊತ್ತಿಗೆ ಅದು ನಿಂತಿತು. ಮನೆಯ ಬಟ್ಟೆಯ ಮೇಲೆ ತೆಳ್ಳಗಿನ ಒಂದು ಕೋಟು ಹಾಕಿಕೊಂಡರೆ ಸಾಕೆಂದಾಯಿತು.

ನಿವೃತ್ತನಾದ ಮೇಲೆ ನಾನು ಮತ್ತು ನನ್ನ ಮನೆಯವಳು ಐಸಮ್ಮ ಅಲ್ ಗರಾಫಾದಲ್ಲಿ ಮಗ ರಫೀಕನ ಫ್ಲ್ಯಾಟಿನಲ್ಲಿ ಇದ್ದೇವೆ. ರಫೀಕ ಅಲ್ ಸದ್ದ್‌ನ ಒಂದು ಆಫೀಸಿನಲ್ಲಿ ಅಕೌಂಟೆಂಟ್. ಅವನ ಮಗಳು ರಿಫಾ ಜೀವಶಾಸ್ತ್ರ ಓದಿ, ಡಾಕ್ಟರ್ ಅಮಲ್ ಹತ್ತಿರ ಹೋಗಿ, ಅಜ್ಜನ ಕೋಣೆ ನನಗೆ ಬೇಕು ಎಂದು ಕೇಳಿ ಕೆಲಸ ಪಡೆದಳು. ನನಗೆ ಆಕಾಶ ಮೂರೇ ಗೇಣು. ರಫೀಕನಿಗೆ ಸಿಟ್ಟು. “ನೀವು ಗುಡಿಸುದರಿಂದ ಹೋಗಿ ಹುಳಕ್ಕೆ ಸೇರಿದ್ದು ಉಪ್ಪ, ನಿಮಗೆ ಅದು ಮೇಲೆ. ಅವಳು ಡಿಗ್ರಿ ಮಾಡಿ ಹುಳಕ್ಕೆ ಹೋಗುದಾ?” ಎಂದ. ಕೊನೆಗೆ ಅಪ್ಪ ಮಗಳು ಒಂದು ಮಾತು ಮಾಡಿಕೊಂಡರು. ಪ್ರೊಬೇಷನ್ ಮುಗಿಯುವವರೆಗೆ ನೋಡುವುದು. ಆಗಲಿಲ್ಲವೆಂದರೆ ಅವನ ಸ್ನೇಹಿತನ ಆಫೀಸಿಗೆ ಸೇರುವುದು, ಮತ್ತೆ ಚರ್ಚೆ ಇಲ್ಲ, ಖಲಾಸ್.

ಐಸಮ್ಮನಿಗೆ ಬೇರೆಯೇ ಚಿಂತೆ. ಹುಳದ ಕೋಣೆಯಿಂದ ಬರುವ ಹುಡುಗಿಯ ಮೈಗೆ ವಾಸನೆ ಹತ್ತಿದರೆ? ನಾಳೆ ಮದುವೆಯ ಮಾತು ಬಂದಾಗ ಯಾರಾದರೂ ಮೂಗು ತಿರುಗಿಸಿದರೆ? ಅವಳು ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಅರಬಿ ಮನೆಯವರಿಂದ ಬುಖೂರ್ ಹಾಕುವುದನ್ನು ಕಲಿತಿದ್ದಳು. ಕೆಂಡದ ಮೇಲೆ ಊದು ಎಂಬ ಪರಿಮಳದ ಮರದ ಚೂರು ಹಾಕಿ ಅದರ ಹೊಗೆಗೆ ಬಟ್ಟೆ ಹಿಡಿಯುವುದು. ರಿಫಾ ಕೆಲಸಕ್ಕೆ ಸೇರಿದ ದಿನದಿಂದ ಪ್ರತಿ ಬೆಳಿಗ್ಗೆ ಅವಳ ಅಬಾಯಾವನ್ನು ಹೊಗೆಯ ಮೇಲೆ ಹಿಡಿದು, ತಿರುಗಿಸಿ ಹಿಡಿದು, ಆಮೇಲೆಯೇ ಹೊರಗೆ ಬಿಡುತ್ತಿದ್ದಳು. ನಮ್ಮ ಮನೆಯೆಲ್ಲ ಅದೇ ಪರಿಮಳ. ಎಷ್ಟೋ ವರ್ಷಗಳಿಂದ ಹಾಗೆಯೇ, ನಮ್ಮ ಯಾರ ಮೂಗಿಗೂ ಅದು ತಿಳಿಯುವುದೇ ಇಲ್ಲ.

ರಿಫಾಳ ಕೈಯಲ್ಲಿ ಮೊದಲ ತಂಡದ ಪತಂಗಗಳು ಹೊರಬಂದವು. ಒಳ್ಳೆಯ ಗಾತ್ರ, ಒಳ್ಳೆಯ ಬಣ್ಣ. ಆದರೆ ಜೋಡಿಯಾಗಲಿಲ್ಲ. ಹೆಣ್ಣು ಬಲೆ ಹಿಡಿದು ಕೂತಿದೆ, ಗಂಡು ಒಂದು ಗೇಣು ದೂರದಲ್ಲಿ ಮಂಕಾಗಿ ಕೂತಿದೆ, ಗೋಡೆ ನೋಡುತ್ತಾ. ಜೋಡಿಯಾಗದ ಹೆಣ್ಣು ಹಾಕಿದ ಮೊಟ್ಟೆಗಳು ಗುಳಿಬಿದ್ದು ಒಣಗಿಹೋದವು. ರಿಫಾ ಮನೆಗೆ ಬಂದು ನನ್ನ ಪಕ್ಕ ಕೂತು ಕೇಳುತ್ತಾಳೆ, ನಾನು ನನಗೆ ತಿಳಿದದ್ದೆಲ್ಲ ಹೇಳುತ್ತೇನೆ. ತೇವ ಜಾಸ್ತಿ ಮಾಡು ಎಂದೆ, ಮಾಡಿದಳು. ಬಾಗಿಲ ಸಂದಿಗೆ ಬಟ್ಟೆ ತುರುಕಿ ಕತ್ತಲು ಮಾಡು ಎಂದೆ, ಮಾಡಿದಳು. ಗಂಡನ್ನು ಎತ್ತಿ ಹೆಣ್ಣಿನ ಪಕ್ಕದಲ್ಲೇ ಕೂರಿಸು ಎಂದೆ, ಅದನ್ನೂ ಮಾಡಿದಳು. ಯಾವುದೂ ಫಲಿಸಲಿಲ್ಲ. ಬಟ್ಟೆ ತುರುಕಿದ್ದರಿಂದ ಗಾಳಿಯಾಡುವುದು ನಿಂತು ಇನ್ನಷ್ಟು ಕೆಟ್ಟಿತು ಎಂದು ಈಗ ಗೊತ್ತಾಗುತ್ತದೆ. ಕೊನೆಗೆ ಉಳಿದದ್ದು ಒಂದು ಹಿಡಿ ಗೂಡುಗಳು. ಅವಳು ಊಟದ ಮುಂದೆ ಕೂತು ಬಟ್ಟಲು ನೋಡುತ್ತಿದ್ದಳು, ತಿನ್ನುತ್ತಿರಲಿಲ್ಲ. ರಫೀಕ ಸ್ನೇಹಿತನಿಗೆ ಮುಂದಿನ ತಿಂಗಳು ಮಗಳನ್ನು ಕಳುಹಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದು ನಮಗೆಲ್ಲ ಕೇಳಿಸಿತ್ತು.

ಡಾಕ್ಟರ್ ಅಮಲ್ ನನ್ನನ್ನು ಕರೆಸಿದರು. ಹಳಬ, ಒಮ್ಮೆ ಬಂದು ನೋಡು ಎಂದು. ನಿವೃತ್ತನಾದ ಮೇಲೆ ಮೊದಲ ಸಲ ಹೋಗುವುದಲ್ಲವಾ, ಐಸಮ್ಮ ನನ್ನ ಬಿಳಿ ಅಂಗಿಯನ್ನೂ ಹೊಗೆಗೆ ಹಿಡಿದಳು, ರಿಫಾಳ ಅಬಾಯಾವನ್ನೂ ಹಿಡಿದಳು, ಊದು ಸ್ವಲ್ಪ ಜಾಸ್ತಿಯೇ ಹಾಕಿದಳು. ನಾವಿಬ್ಬರೂ ಆ ಸಣ್ಣ ಮುಚ್ಚಿದ ಕೋಣೆಯೊಳಗೆ ಹೋಗಿ ನಿಂತೆವು. ಹಿಂದಿನಿಂದ ಡಾಕ್ಟರ್ ಬಂದವರು ಬಾಗಿಲಲ್ಲೇ ನಿಂತರು.

“ಮೋನು, ನಿನ್ನ ಮನೆಯಲ್ಲಿ ಇವತ್ತು ಮದುವೆಯಾ?”

ನಾನು ಇಲ್ಲ ಡಾಕ್ಟರ್ ಎಂದೆ. ಅವರು ನನ್ನ ಹತ್ತಿರ ಬಂದು ಮೂಸಿದರು. ರಿಫಾಳ ತೋಳು ಎಳೆದು ಮೂಸಿದರು. ಅವಳ ಕೋಟು ಮೂಸಿದರು. ಪೆಟ್ಟಿಗೆಯ ಬಲೆಗೆ ಮುಖವಿಟ್ಟು ಮೂಸಿದರು. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ನಗಲು ಶುರು ಮಾಡಿದರು. ನಾವಿಬ್ಬರೂ ಹೆದರಿ ನೋಡುತ್ತಿದ್ದೇವೆ.

“ನಾನು ಸುಡಾನಿನವಳು” ಎಂದರು. “ನಮ್ಮಲ್ಲಿ ಹೊಗೆ ಹಾಕದೆ ಮದುಮಗಳೇ ಇಲ್ಲ. ಹುಡುಗಿ ಒಳ್ಳೆಯ ಪರಿಮಳ ಹೊಡೀತಾಳೆ ಎಂದು ನಾನೇ ದಿನಾ ಸಂತೋಷ ಪಡ್ತಾ ಇದ್ದೆ. ಆ ಗಂಡಿಗೆ ಇರುವುದು ಮೂಗು ಒಂದೇ. ಅದರ ಮೂಗಿನ ಮುಂದೆ ನಾವು ಮದುವೆ ಮನೆಯನ್ನೇ ತಂದು ಇಟ್ಟಿದ್ದೇವೆ.”

ಇದೇ ಕಾರಣ ಎಂದು ಆಣೆ ಹಾಕಿ ಹೇಳಲಾರೆ, ಆದರೆ ನೋಡದೆ ಉಳಿದ ಕಾರಣ ಇದೊಂದೇ ಎಂದರು. ಅವತ್ತೇ ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗಿಟ್ಟರು. ಬಲೆ ಹೊಸತು, ಎಸಿಯ ಜಾಲರಿ ಹೊಸತು. ಬಾಗಿಲ ಸಂದಿಯ ಬಟ್ಟೆ ತೆಗೆದು ಎಸೆದರು. ಹಳೆಯ ಸಮವಸ್ತ್ರದ ಕ್ರಮ ಮತ್ತೆ ಬಂತು. ಆದರೆ ತಲೆಕೂದಲಿಗೂ ಚರ್ಮಕ್ಕೂ ಹತ್ತಿದ್ದನ್ನು ಎಂತ ಮಾಡುವುದು? ಅದಕ್ಕೆ ಮನೆಯಲ್ಲೇ ನಿಲ್ಲಿಸಬೇಕಿತ್ತು.

ಐಸಮ್ಮನಿಗೆ ಹೇಳುವುದು ಯಾರು? ನಾನು ರಿಫಾಳನ್ನು ನೋಡಿದೆ, ರಿಫಾ ನನ್ನನ್ನು. ಕೊನೆಗೆ ಅವಳೇ ಹೇಳಿದಳು. ಐಸಮ್ಮ ಕೆಂಡದ ಇಕ್ಕಳವನ್ನು ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು.

“ಹಾಗಾದ್ರೆ ನಾನು ದಿನಾ ಅದಕ್ಕೆ ವಿಷ ಹಾಕಿದ್ದಾ?”

“ವಿಷ ಅಲ್ಲ ಅಜ್ಜಿ. ನಮಗೆ ಶೀತ ಆಗಿ ಮೂಗು ಕಟ್ಟುದಿಲ್ವಾ, ಹಾಗೆ.”

“ಮತ್ತೆ ಇವರು ನಲವತ್ತು ವರ್ಷ ನನ್ನ ಹೊಗೆಯಲ್ಲೇ ಹೋಗಿ ಬಂದ್ರಲ್ಲ, ಆಗ ಎಂತ ಆಗ್ಲಿಲ್ಲ?”

ಅಲ್ಲಿ ಬಟ್ಟೆ ಬದಲಿಸುತ್ತಿದ್ದೆವು, ಮತ್ತು ನನಗೆ ನೀನು ಶುಕ್ರವಾರ ಮಾತ್ರ ಹೊಗೆ ಹಾಕುತ್ತಿದ್ದೆ, ಶುಕ್ರವಾರ ನನಗೆ ರಜೆ ಎಂದೆ. ಅವಳು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಪರದೆಗಳನ್ನು ಕಳಚಲು ಶುರು ಮಾಡಿದಳು. ಹಾಸಿಗೆ, ದಿಂಬಿನ ಚೀಲ, ಎಲ್ಲರ ಬಟ್ಟೆ, ಎಲ್ಲವೂ ಬರೀ ನೀರಿನಲ್ಲಿ. ಬಾಲ್ಕನಿಯಲ್ಲಿ ಜಾಗ ಸಾಲದೆ ಕುರ್ಚಿಗಳ ಮೇಲೆ ಹರವಿದಳು. ಮನೆಗೆ ಬಂದ ರಫೀಕ ಕೂರಲು ಜಾಗವಿಲ್ಲದೆ ನಿಂತುಕೊಂಡೇ, ಹುಳದ ಮದುವೆಗೆ ನಮ್ಮ ಮನೆ ಖಾಲಿ ಮಾಡುದಾ ಎಂದು ಕೇಳಿದ. “ನೀನು ಅಂಗಿ ಬಿಚ್ಚಿ ಕೊಡು, ಅದನ್ನೂ ಒಗೀಬೇಕು” ಎಂದಳು ಅವಳು. ಅವನು ಕೊಟ್ಟ.

ಕೊನೆಯ ಗೂಡುಗಳಿಂದ ಪತಂಗಗಳು ಹೊರಬಂದವು. ಒಂದು ಗೂಡು ಒಡೆಯಲೇ ಇಲ್ಲ, ಒಂದು ಹೆಣ್ಣಿನ ರೆಕ್ಕೆ ಮುದುಡಿ ಹೋಯಿತು. ಆದರೆ ಗಂಡಿನ ತಲೆಯ ಮೇಲಿನ ಗರಿಗಳು ಈ ಸಲ ಅಗಲವಾಗಿ ಬಿಡಿಸಿಕೊಂಡಿವೆ, ಅಲುಗಾಡುತ್ತಿವೆ ಎಂದು ರಿಫಾ ಹೇಳಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಮರುದಿನ ಬೆಳಿಗ್ಗೆ ಅವಳು ಕಳುಹಿಸಿದ ಫೋಟೋದಲ್ಲಿ ಎರಡು ಪತಂಗಗಳು ಬಾಲಕ್ಕೆ ಬಾಲ ಸೇರಿಸಿ ಬಲೆಯ ಮೇಲೆ ಕೂತಿದ್ದವು. ಐಸಮ್ಮ ಫೋನನ್ನು ದೂರ ಹಿಡಿದು ನೋಡಿ, ಬಾ ಎಂದು ನನ್ನನ್ನು ಕರೆದು ತೋರಿಸಿ, ತಟ್ಟನೆ ಫೋನು ಮಗುಚಿ ಇಟ್ಟಳು. ಹಾಗೆಲ್ಲ ನೋಡಬಾರದು ಎಂದಳು.

ಆಮೇಲೆ ಮೊಟ್ಟೆ. ಆಮೇಲೆ ಕಾಯುವುದು. ಗುಳಿ ಬೀಳಲಿಲ್ಲ ಎಂದು ಒಂದು ದಿನ ಹೇಳುತ್ತಾಳೆ. ಇವತ್ತೂ ಬೀಳಲಿಲ್ಲ ಎಂದು ಇನ್ನೊಂದು ದಿನ. ನಿನ್ನೆ ಬಣ್ಣ ಬೂದಿಯಾಗಿದೆ ಎಂದಳು. ಬೂದಿಯಾದರೆ ಒಳಗೆ ಹುಳ ಉಂಟು ಎಂದು ಅರ್ಥ, ಆದರೆ ಹೊರಬರುವವರೆಗೆ ನಂಬಬಾರದು. ಉಸ್ತಾದ್ ಕೂಡ ನಂಬುತ್ತಿರಲಿಲ್ಲ. ನಾನು ಸಹ ಆಫೀಸಿನ ಕುರ್ಚಿಯೂ ಕೆಟ್ಟದ್ದೇನಲ್ಲ ಎಂದು ನನ್ನ ಮನಸ್ಸಿಗೇ ಸಮಾಧಾನ ಹೇಳಿಕೊಂಡು ಮಲಗಿದ್ದೆ.

ಬೆಳಿಗ್ಗೆ ಫೋನು ಬಂತು. ಅದನ್ನು ಮೊದಲೇ ಬರೆದಿದ್ದೇನೆ.

ಹೊರಬಂದ ಹುಳ ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿನ್ನುತ್ತದೆ. ಆಗ ಅವಸರ ಮಾಡಿ ಎಲೆಯ ಮೇಲೆ ಎತ್ತಿ ಹಾಕಬೇಡಿ, ಬಿಟ್ಟುಬಿಡಿ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ಇದೊಂದು ಮಾತು. ಇನ್ನೊಂದು, ನಿಮ್ಮ ಹಳಬರು ಹೇಳಿದ್ದನ್ನೆಲ್ಲ ಕೇಳಿ, ಆದರೆ ನನ್ನಂಥವನು ಬಟ್ಟೆ ತುರುಕು ಎಂದರೆ ಒಮ್ಮೆ ಡಾಕ್ಟರರನ್ನು ಕೇಳಿ ತುರುಕಿ.

ಸಂಜೆ ರಿಫಾ ಬರುವಷ್ಟರಲ್ಲಿ ಸೊಸೆ ನಸೀಮಾ ಹಮೂರ್ ಮೀನಿನ ಸಾರು ಮಾಡಿದ್ದಳು, ಐಸಮ್ಮ ನಮ್ಮ ಅಕ್ಕಿರೊಟ್ಟಿ, ಪತ್ತಿರ್, ಸುಡುತ್ತಿದ್ದಳು. ನೆಲದ ಮೇಲೆ ಹಾಸಿ ಎಲ್ಲರೂ ಸುತ್ತ ಕೂತೆವು. ರಿಫಾ ಕೈ ತೊಳೆದು ಬಂದು ಒಂದು ಪತ್ತಿರ್ ತಿಂದಳು, ಇನ್ನೊಂದು ತಿಂದಳು, ಸಾರು ಸುರಿದುಕೊಂಡು ಮೂರನೆಯದಕ್ಕೆ ಕೈ ಹಾಕಿದಳು. ನಸೀಮಾ ನೋಡುತ್ತಾ ಕಣ್ಣು ಒರೆಸಿಕೊಂಡು ಮೀನಿನ ತಲೆಯ ತುಂಡನ್ನು ಅವಳ ಬಟ್ಟಲಿಗೆ ಹಾಕಿದಳು. ರಿಫಾ ಬಾಯಿ ತುಂಬಾ ಇಟ್ಟುಕೊಂಡೇ ಹೇಳುತ್ತಿದ್ದಾಳೆ, ನಾಳೆಯಿಂದ ಅವಕ್ಕೆ ಎಳೆ ಚಿಗುರು ಬೇಕು, ಬಿಸಿಲೇರುವ ಮೊದಲು ಕೊಯ್ಯಬೇಕು, ಶುಕ್ರವಾರವೂ ಹೋಗಬೇಕು, ಆ ಹೊತ್ತಿಗೆ ಬಸ್ಸು ಇಲ್ಲ.

ರಫೀಕ ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆ ಎತ್ತದೆಯೇ ಕೇಳಿದ.

“ಎಷ್ಟು ಗಂಟೆಗೆ ಕಾರು ತೆಗೀಬೇಕು?”

ರಿಫಾ ಅಗಿಯುವುದನ್ನು ನಿಲ್ಲಿಸಿದಳು. ಐದಕ್ಕೆ ಉಪ್ಪ ಎಂದಳು. ಅವನು ಸರಿ ಎಂದು ತಲೆ ಆಡಿಸಿ, ಮುಳ್ಳು ಬಿಡಿಸಿದ ಮೀನನ್ನು ಅವಳ ಬಟ್ಟಲಿನ ಬದಿಗೆ ಇಟ್ಟ. ಒಳಗಿನಿಂದ ಐಸಮ್ಮ ಬಿಸಿ ಪತ್ತಿರ್‌ಗಳ ಇನ್ನೊಂದು ರಾಶಿ ತಂದಳು. ನೀನೂ ಕೂರು ಎಂದು ನಾನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟೆ. ಎಲ್ಲರೂ ಒಟ್ಟಿಗೆ ಊಟ ಮಾಡಿದೆವು.